ಎರಡೇ ಜಾಗ

21 ಜನವರಿ 2011, ತರೀಕೆರೆ

ಜನಗಣತಿ ತರಬೇತಿ. ಹತ್ತನೇ ಪ್ರಶ್ನೆ ಮಾತೃಭಾಷೆಯದು. ಎಳವೆಯಲ್ಲಿ ತಾಯಿ ಯಾವ ಮಾತಿನಲ್ಲಿ ಮಾತಾಡಿಸುತ್ತಿದ್ದಳೋ ಅದು. ತಾಯಿ ಬೇಗ ತೀರಿಕೊಂಡಿದ್ದರೆ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಮಾತು. ಮನೆಮಂದಿಗೆಲ್ಲ ಒಂದೇ ಭಾಷೆ ಅಂತ ಊಹಿಸಕೂಡದು, ಹೇಳಿದ್ದನ್ನೇ ಬರೆಯಬೇಕು. ಸರ್ಕಾರದ ಕೈಪಿಡಿಯಲ್ಲಿ ಇಷ್ಟು ಅಂತಃಕರಣದ ಮಾತು ಇರುತ್ತದೆಂದು ನಾನು ಎಣಿಸಿರಲಿಲ್ಲ. ಹನ್ನೊಂದನೆಯದು, ಬಲ್ಲ ಇತರ ಭಾಷೆಗಳು. ಅದಕ್ಕೆ ಎರಡೇ ಜಾಗ.

11 ಫೆಬ್ರವರಿ, ಅಜ್ಜಂಪುರ

ಬೆಳಗಿನ ರೈಲಿಗೆ ಕಡೂರಿನಿಂದ ಬಂದು ಇಳಿದೆ. ಮೊದಲ ಬೀದಿಯಲ್ಲೇ ಹನ್ನೊಂದನೇ ಪ್ರಶ್ನೆ ತಡೆದು ನಿಲ್ಲಿಸಿತು. ಹೊಲಿಗೆ ಹಾಕುವ ಹೆಂಗಸು, ಮನೆಮಾತು ಉರ್ದು ಅಂದರು. ಉರ್ದುವೆಂದರೆ ನಮ್ಮ ಕಡೆಯ ದಖನಿ: ಬೇಡ ಅನ್ನಲು 'ನಕ್ಕೋ', ಯಾಕೆ ಅನ್ನಲು 'ಕೈಕು', ಒಪ್ಪಿದರೆ 'ಹೌ'. ಆ 'ಹೌ' ಕಿವಿಗೆ ಬಿದ್ದಾಗಲೆಲ್ಲ ನಮ್ಮ 'ಹೌದು' ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ. ಕನ್ನಡ ನನಗಿಂತ ಚೆನ್ನಾಗಿ ಆಡುತ್ತಾರೆ. ಪಕ್ಕದ ಮನೆಯವರ ಜೊತೆ ತೆಲುಗು, ಸಿನಿಮಾದಿಂದ ಕಲಿತ ಹಿಂದಿ, ಗಂಡ ಕೊಯಮತ್ತೂರಿನಲ್ಲಿದ್ದಾಗ ಕಲಿತ ತಮಿಳು. "ಎರಡು ಮಾತ್ರ ಬರೀಬೋದಮ್ಮ" ಅಂದೆ. "ಮಿಕ್ಕಿದ್ದು ಎಲ್ಲಿಗೆ ಹಾಕ್ತೀರಿ ಮೇಷ್ಟ್ರೇ?" ಅಂದರು. ಕನ್ನಡ, ತೆಲುಗು ಬರೆದೆ. ಮೂರನೆಯದಕ್ಕೆ ಪೆನ್ನು ಊರಲು ಜಾಗವಿರಲಿಲ್ಲ.

ರಹಮತ್ ತರೀಕೆರೆಯವರ 'ಕತ್ತಿಯಂಚಿನ ದಾರಿ'ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಇಂಥ ಮನೆಮಾತಿನಲ್ಲೇ ಬೆಳೆದ ಈ ತಾಲ್ಲೂಕಿನ ಹುಡುಗ ಕನ್ನಡದ ದೊಡ್ಡ ವಿಮರ್ಶಕರಾಗಿದ್ದು ಇಲ್ಲಿಯವರಿಗೆ ಅಚ್ಚರಿಯಲ್ಲ. ನನಗೆ ಮಾತ್ರ ಹೆಮ್ಮೆ ತಡೆಯುವುದಿಲ್ಲ.

13 ಫೆಬ್ರವರಿ, ಅಜ್ಜಂಪುರ

ಅದೇ ಬೀದಿಯ ಕೊನೆಯಲ್ಲಿ ಬಾಡಿಗೆಗಿರುವ ಲಂಬಾಣಿ ಕುಟುಂಬ. ಮೊಮ್ಮಗ "ಯಾಡೀ" ಎಂದು ತಾಯಿಯನ್ನು ಕರೆಯುತ್ತ ಒಳಗೋಡಿದ. ಅಜ್ಜಿ ಅಂದಳು, "ನಮ್ದು ಲಂಬಾಣಿ. ಅದ್ನೆಂಗೆ ಬರೀತೀರಿ ಸ್ವಾಮಿ, ಅದಕ್ಕೆ ಅಕ್ಷರಾನೇ ಇಲ್ಲ." ಕನ್ನಡದಲ್ಲಿ ಬರೆದು ತೋರಿಸಿದೆ. ಓದಲು ಬಾರದವಳು ಆ ಮೂರಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

20 ಫೆಬ್ರವರಿ, ಕಡೂರು

ನಮ್ಮ ಮನೆಗೂ ಗಣತಿಯವರು ಬಂದರು. ಅಮ್ಮ: ತೆಲುಗು. ನಾನು: ತೆಲುಗು. ಹೆಂಡತಿ: ಕನ್ನಡ. ಮಗಳ ಸಾಲು ಬಂದಾಗ ಕೈಪಿಡಿಯ ಮಾತು ನೆನಪಾಯಿತು. ತಾಯಿ ಮಾತಾಡಿಸಿದ ಭಾಷೆ ಕನ್ನಡ, ಹಾಗೇ ಹೇಳಿದೆ. ತಪ್ಪೇನಿಲ್ಲ. ಆದರೂ ಗೋಡೆಗೊರಗಿ ಕೂತಿದ್ದ ಅಮ್ಮನ ಕಡೆ ತಿರುಗಲು ಆಗಲಿಲ್ಲ. ಎರಡನೇ ಭಾಷೆಯಾಗಿಯಾದರೂ ತೆಲುಗು ಹಾಕಿಸೋಣವೆಂದರೆ ಮಗಳೇ, "ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ" ಅಂದುಬಿಟ್ಟಳು. ನಾನೇ ಕಲಿಸಬೇಕಿತ್ತು.

8 ಜುಲೈ 2018, ಕಡೂರು

ಭಾಷೆಗಳ ಪಟ್ಟಿ ಈಗ ಹೊರಬಂದಿದೆ, ಏಳು ವರ್ಷದ ಮೇಲೆ. ಲಂಬಾಣಿಯನ್ನು ಹುಡುಕಿದೆ. ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಅದನ್ನು ಹೇಳಿದ್ದಾರೆ, ಆದರೆ ಅದಿರುವುದು ಹಿಂದಿಯ ಕೆಳಗೆ, ಹಿಂದಿಯ ಲೆಕ್ಕದೊಳಗೆ. ನಾನು ಬರೆದ ಮೂರಕ್ಷರ ಅಲ್ಲಿ ಹೋಗಿ ಸೇರಿದೆ. ಬೆರಳಿಟ್ಟು ನೋಡಿದ ಆ ಅಜ್ಜಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಅಮ್ಮ ಹೋಗಿ ಎರಡು ವರ್ಷ. ರಾತ್ರಿ ಬೆಂಗಳೂರಿಗೆ, ಮಗಳಿಗೆ ಫೋನ್ ಮಾಡಿದಾಗ "ಅನ್ನಂ ತಿನ್ನಾವಾ?" ಅಂತ ಕೇಳಿದೆ. ಆಕಡೆ ಒಂದು ಕ್ಷಣ ಮಾತಿಲ್ಲ.

"ಬುವ್ವ. ಅಜ್ಜಿ ಬುವ್ವ ಅಂತಿದ್ರು, ಅಪ್ಪ."