ತಡವಾದ ಹಣದ ಬಡ್ಡಿ

ವಿದ್ಯುತ್ತಿನ ಬಿಲ್ಲನ್ನು ಗಡುವಿನೊಳಗೆ ಸಲ್ಲಿಸದಿದ್ದರೆ ಮುಂದಿನ ಬಿಲ್ಲಿನಲ್ಲಿ ಬಡ್ಡಿಯೂ ಸೇರಿ ಬರುವುದೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಆದರೆ ನಮ್ಮಿಂದ ಬಡ್ಡಿ ಕೇಳುವ ಕಂಪನಿಯು ತಾನೂ ಮತ್ತೊಬ್ಬರಿಗೆ ಬಾಕಿದಾರನಾಗಿರಬಹುದೆಂದು ನಾವು ಯೋಚಿಸುವುದು ಅಪೂರ್ವ. ಬೆಸ್ಕಾಂ ಮುಂತಾದ ವಿತರಣ ಕಂಪನಿಗಳು ಕರ್ನಾಟಕ ವಿದ್ಯುತ್ ನಿಗಮವೇ ಮೊದಲಾದ ಉತ್ಪಾದಕರಿಂದ ವಿದ್ಯುತ್ತನ್ನು ಕೊಂಡು ನಮಗೆ ಮಾರುತ್ತವೆ. ಕೊಂಡುದರ ಹಣ ತಡವಾದರೆ ಅವೂ ಬಡ್ಡಿ ತೆರಬೇಕು.

ಈ ತಡವು ಅಲ್ಪವಾದುದಲ್ಲ. ೨೦೨೨ನೆಯ ಇಸವಿಯ ಜೂನ್ ೩ರಂದು ದೇಶದ ವಿತರಣ ಕಂಪನಿಗಳ ಇಂಥ ಬಾಕಿಯು ಸುಮಾರು ೧.೪ ಲಕ್ಷ ಕೋಟಿ ರೂಪಾಯಿಗಳಷ್ಟಿತ್ತು. ಆ ದಿನಾಂಕದ ಕೇಂದ್ರ ಸರಕಾರದ ನಿಯಮಗಳು ಬಡ್ಡಿಯ ಲೆಕ್ಕವನ್ನು ಸ್ಪಷ್ಟಪಡಿಸಿದುವು. ಸ್ಟೇಟ್ ಬ್ಯಾಂಕು ಒಂದು ವರ್ಷದ ಸಾಲಕ್ಕೆ ಆಧಾರವಾಗಿ ಗೊತ್ತುಮಾಡಿದ ದರಕ್ಕೆ ನೂರಕ್ಕೆ ೫ನ್ನು ಕೂಡಿಸಿದರೆ ಮೂಲದರ ಬರುತ್ತದೆ. ಅದು ೧೩ ಎಂದಿಟ್ಟುಕೊಳ್ಳೋಣ. ತಪ್ಪಿದ ಮೊದಲ ತಿಂಗಳಿಗೆ ೧೩, ಎರಡನೆಯದಕ್ಕೆ ೧೩.೫, ಹೀಗೆ ಅರ್ಧರ್ಧವಾಗಿ ಏರಿ ಏಳನೆಯ ತಿಂಗಳಿಗೆ ೧೬ ಆಗುವುದು. ಅದಕ್ಕೆ ಮೀರಿ ಏರದು. ಕಟ್ಟಿದ ಹಣವು ಮೊದಲು ಬಡ್ಡಿಗೆ ಸಲ್ಲುವುದು. ಉಳಿದುದು ಅತಿ ಹಳೆಯ ಬಿಲ್ಲಿನಿಂದ ಕ್ರಮವಾಗಿ ತೀರುತ್ತ ಬರುವುದು.

ಮೊದಲ ನೋಟಕ್ಕೆ ಇದು ಕಟುವೆನಿಸಬಹುದು. ಆದರೆ ಹಣ ಬಾರದೆ ಕಾದಿರುವವನ ಕಷ್ಟವನ್ನೂ ಎಣಿಸಬೇಡವೆ? ಉತ್ಪಾದಕನು ಕಲ್ಲಿದ್ದಲಿನ ಬೆಲೆಯನ್ನೂ ರೈಲಿನ ಬಾಡಿಗೆಯನ್ನೂ ಕೂಲಿಯನ್ನೂ ಹೊತ್ತಿಗೆ ಸರಿಯಾಗಿ ತೆರಲೇಬೇಕು. ಅದಕ್ಕಾಗಿ ಅವನು ಬ್ಯಾಂಕಿನಲ್ಲಿ ಸಾಲ ಮಾಡಿದರೆ, ಒಬ್ಬರ ಉದಾಸೀನಕ್ಕೆ ಮತ್ತೊಬ್ಬರು ಬಡ್ಡಿ ತೆತ್ತಂತಾಯಿತು. ಆದಕಾರಣ ಈ ಬಡ್ಡಿಯು ಲೋಭದ ಫಲವಲ್ಲ, ಪರರನ್ನು ಕಾಯಿಸಿದುದರ ಬೆಲೆಯೆಂದೇ ನಮ್ಮ ಅಭಿಪ್ರಾಯ.

ನಿಯಮಗಳಲ್ಲಿ ದಯೆಯೂ ಇಲ್ಲದಿಲ್ಲ. ಹಳೆಯ ಬಾಕಿಯನ್ನು ೪೮ ತಿಂಗಳವರೆಗಿನ ಕಂತುಗಳಲ್ಲಿ ತೀರಿಸಲು ಅವಕಾಶವಿತ್ತು. ಕಂತು ತಪ್ಪದವರಿಗೆ ಆ ದಿನದಿಂದಾಚೆಗೆ ಆ ಬಾಕಿಯ ಮೇಲೆ ಬಡ್ಡಿಯಿರಲಿಲ್ಲ. ಕಂತು ತಪ್ಪಿದರೆ ಮಾತ್ರ ಆ ಬಾಕಿಯೆಲ್ಲಕ್ಕೂ ಬಡ್ಡಿ ಮರಳುವುದು. ಮನೆಯ ಅಂಗಡಿ ಸಾಲದಲ್ಲಿಯೂ ವಿವೇಕಿಯಾದ ಸಾಹುಕಾರನು ಮಾಡುವುದು ಇದನ್ನೇ: ಹಿಂದಿನದಕ್ಕೆ ತಾಳ್ಮೆ, ಮುಂದಿನದಕ್ಕೆ ಶಿಸ್ತು.

ವಿತರಣ ಕಂಪನಿಗಳನ್ನು ಮಾತ್ರವೇ ದೂರುವುದೂ ನ್ಯಾಯವಲ್ಲ. ಸರಕಾರದ ಇಲಾಖೆಗಳು ಬಿಲ್ಲು ಬಾಕಿ ಇರಿಸುವುದುಂಟು; ಸಹಾಯಧನ ತಡವಾಗಿ ಬರುವುದುಂಟು; ಕದ್ದ ವಿದ್ಯುತ್ತಿಗೆ ಕಾಸು ಹುಟ್ಟದು. ಬೀದಿದೀಪದ ಬಿಲ್ಲು ತಡವಾದರೆ ಅದರ ಭಾರ ದೂರದ ವಿದ್ಯುದಾಗಾರದವರೆಗೂ ಮುಟ್ಟುತ್ತದೆ. ಈ ಸರಪಣಿಯಲ್ಲಿ ನಮ್ಮ ಮನೆಯೂ ಒಂದು ಕೊಂಡಿ. ದೊಡ್ಡವರು ತಪ್ಪುತ್ತಾರೆಂದು ನಾವೂ ತಪ್ಪಬಾರದು. ನಾವು ತಪ್ಪದಿದ್ದಾಗಲೇ ದೊಡ್ಡವರನ್ನು ಲೆಕ್ಕ ಕೇಳುವ ಅಧಿಕಾರ ನಮಗೆ ಬರುತ್ತದೆ.