ಬಿಜೈಯ ಆ ಕ್ಯಾಸೆಟ್

ಮಂಗಳೂರು ಅಂದ್ರೆ ನನ್ನ ಆಫೀಸಿನವರಿಗೆ ಪಣಂಬೂರು ಬೀಚು, ಪಬ್ಬಾಸ್‌ನ ಗಡ್‌ಬಡ್. ನನಗೆ ಬಿಜೈಯ ಒಂದು ಹಂಚಿನ ಮನೆಯ ಜಗಲಿ. ಬೆಂಗಳೂರಿನ ರಾತ್ರಿ ಬಸ್ಸಿನಿಂದ ಕೆಎಸ್ಸಾರ್ಟಿಸಿ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು.

ಅದು ನಮ್ಮ ಪಕ್ಕದ ಮನೆ ಅಂಕಲ್‌ದು. ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳು ಊರಿಡೀ ಕೇಳುತ್ತಿದ್ದ ಕಾಲದಲ್ಲಿ ಅವರೂ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದರು. ಮದುವೆಗಳಲ್ಲಿ ಕೊಂಕಣಿ, ಬಿಡುವಿದ್ದಾಗ ಬೀಟಲ್ಸ್. ನಾಲ್ವರು ಹುಡುಗರು ದುಡ್ಡು ಹಾಕಿ ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದ್ದರಂತೆ. ಕ್ಯಾಸೆಟ್ ಮಾರುಕಟ್ಟೆಗೆ ಬರಲೇ ಇಲ್ಲ. ಹಾಡುವವರು ಗಲ್ಫಿಗೆ ಹೋದರು. ಈಗ ಅವರಿಲ್ಲ.

ಈ ಸಲ ಹೋದಾಗ ನಾನೇ ಶುರು ಮಾಡಿದೆ: "ಅಂಕಲ್, ಕೊಡಿ, ಕ್ಲೀನ್ ಮಾಡಿ ಯೂಟ್ಯೂಬಿಗೆ ಹಾಕುವ." ಬೀಟಲ್ಸ್‌ನ 'ನೌ ಆ್ಯಂಡ್ ದೆನ್' ಕತೆಯನ್ನೂ ಹೇಳಿದೆ. 1970ರ ದಶಕದ ಕೊನೆಗೆ ಜಾನ್ ಲೆನನ್ ನ್ಯೂಯಾರ್ಕಿನ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟದ್ದು. 1995ರಲ್ಲಿ ಉಳಿದ ಮೂವರು ಅದನ್ನು ಪೂರ್ತಿ ಮಾಡಲು ಹೊರಟು ಕೈಬಿಟ್ಟರು. ಪಿಯಾನೋ ಸದ್ದಿನಲ್ಲಿ ದನಿ ಮುಚ್ಚಿಹೋಗಿತ್ತು. ಯಾವುದು ವಾದ್ಯ, ಯಾವುದು ಮನುಷ್ಯನ ದನಿ ಅಂತ ಕಂಪ್ಯೂಟರಿಗೆ ಕಲಿಸಿದ ಮೇಲೆ ಎರಡೂ ಬೇರೆಯಾದವು. 2023ರ ನವೆಂಬರ್ 2ಕ್ಕೆ ಹಾಡು ಬಂತು.

ಅಂಕಲ್ ನಕ್ಕರು. "ಬಾರದೆ ಉಳಿದದ್ದು ಗೊತ್ತುಂಟಾ ನಿನಗೆ?"

'ಕಾರ್ನಿವಲ್ ಆಫ್ ಲೈಟ್'. 1967ರ ಜನವರಿ 5ರಂದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ಮಾಡಿದ, ಹತ್ತಿರ ಹತ್ತಿರ 14 ನಿಮಿಷದ ರೆಕಾರ್ಡಿಂಗ್. 1996ರ 'ಆ್ಯಂಥಾಲಜಿ 2'ರಲ್ಲಿ ಸೇರಿಸಬೇಕು ಅಂತ ಪಾಲ್ ಮೆಕಾರ್ಟ್ನಿಗೆ ಆಸೆ. ಜಾರ್ಜ್ ಹ್ಯಾರಿಸನ್‌ಗೆ ಅದು ಹಿಡಿಸಲಿಲ್ಲ. ಅಲ್ಲಿಗೆ ನಿಂತಿತು.

"ಒಬ್ಬ ಬೇಡ ಅಂದ್ರೆ ಬೇಡ ಮಾರಾಯ. ನಮ್ಮವನಿಗೂ ಆ ಟೇಪು ಇಷ್ಟ ಇರ್ಲಿಲ್ಲ. ಆ ದಿನ ಅವನಿಗೆ ಗಂಟಲು ಕಟ್ಟಿತ್ತು. ಈಗ ಕೇಳುವ ಅಂದ್ರೆ ಅವನೇ ಇಲ್ಲ."

"ಲೆನನ್‌ನನ್ನೂ ಯಾರೂ ಕೇಳ್ಲಿಲ್ಲ ಅಲ್ವಾ?"

"ಟೇಪು ಕೊಟ್ಟದ್ದು ಅವನ ಹೆಂಡತಿ."

ನಿಜ, ಯೋಕೊ ಓನೊ ಅದನ್ನು ಕೊಟ್ಟಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆಮೇಲೆ ಅಂಕಲ್ ಎದ್ದು ಅಂಗಿ ಹಾಕಿಕೊಂಡರು.

ರಿಕ್ಷಾ ಕದ್ರಿ, ನಂತೂರು ದಾಟಿ ಕುಲಶೇಖರಕ್ಕೆ ಹೋಯಿತು. ದಾರಿಯಿಡೀ ಅಂಕಲ್ ಮಾತಾಡಲಿಲ್ಲ, ಟೇಪ್ ರೆಕಾರ್ಡರನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಕೊರ್ಡೆಲ್ ಚರ್ಚಿನ ಹತ್ತಿರದ ಆ ಮನೆಯಲ್ಲಿ ಆಂಟಿ ಮೊದಲು ಚಾ ಕೊಟ್ಟರು. ಮೊದಲ ಹಾಡು ಶುರುವಾಯಿತು. ಸರಸರ ಸದ್ದು, ಗಿಟಾರು, ಆಮೇಲೆ ನಿಜಕ್ಕೂ ಕಟ್ಟಿದ ಗಂಟಲಿನ ಒಂದು ದನಿ. ಮದುವೆಗೆ ಮುಂಚಿನ ಗಂಡನ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

ನಾಲ್ಕೂ ಹಾಡು ಮುಗಿದ ಮೇಲೆ ಆಂಟಿ ಹೇಳಿದರು: "ಊರಿಗೆಲ್ಲ ಬೇಡ ಮಗಾ. ಅವರಿಗೆ ನಾಚಿಕೆ ಜಾಸ್ತಿ. ನನಗೊಂದು, ಮಗಳಿಗೊಂದು ಕಳಿಸು."

ಸರಸರ ಸದ್ದು ತೆಗೆಯಲಾ ಅಂತ ಕೇಳಿದೆ.

"ಗಂಟಲು ಸರಿ ಮಾಡ್ಬೇಡ," ಅಂದರು.

ರಾತ್ರಿ ಬಸ್ಸು ಹತ್ತುವ ಮೊದಲು ಮೂರು ಫೋನುಗಳಿಗೆ ಫೈಲು ಕಳಿಸಿದೆ: ಆಂಟಿಗೆ, ಮಗಳಿಗೆ, ಅಂಕಲ್‌ಗೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನು ಅಳಿಸಿದೆ. ಅದು ಸುಲಭವಾಗಿರಲಿಲ್ಲ. ಎರಡನೇ ಹಾಡು ತುಂಬಾ ಚೆನ್ನಾಗಿತ್ತು.