ಅರ್ಧಕ್ಕೆ ನಿಂತ ಗೃಹಪ್ರವೇಶ

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವವರು ಕೆಲಸ ಮುಗಿಯುವ ತನಕ ಬಾಡಿಗೆಯ ಮನೆಯಲ್ಲಿದ್ದು ಕಾಲ ಕಳೆಯುತ್ತಾರೆ. ಗಣಕಯಂತ್ರಕ್ಕೆ ಆ ಅನುಕೂಲವಿಲ್ಲ. ತಾನು ವಾಸವಾಗಿರುವ ಮನೆಯಲ್ಲೇ ಇದ್ದುಕೊಂಡು, ತಾನು ನಿಂತ ಹಲಗೆಯನ್ನೇ ಕಿತ್ತು ಹೊಸ ಹಲಗೆಯನ್ನು ಜೋಡಿಸಿಕೊಳ್ಳಬೇಕು. ಆಪರೇಟಿಂಗ್ ಸಿಸ್ಟಮ್ಮಿನ ‘ಅಪ್‌ಗ್ರೇಡ್’ ಎಂದು ಇಂದಿನವರು ಕರೆಯುವುದು ಇದನ್ನೇ. ನಡುವೆ ಕೆಲಸ ನಿಂತಿತೋ, ಹಳೆಯ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ.

ತೀರ್ಥಹಳ್ಳಿಯ ಕಡೆ ಇರುವ ನಮ್ಮ ಭಾವನವರ ಯಂತ್ರಕ್ಕೆ ಕಳೆದ ಆಷಾಢದಲ್ಲಿ ಇದೇ ಗತಿ ಒದಗಿತು. ಭಾವನವರು ನಿವೃತ್ತ ಉಪಾಧ್ಯಾಯರು. ಮಲೆನಾಡಿನ ಮನೆಮಾತಿನಿಂದ ಮರೆಯಾಗುತ್ತಿರುವ ಶಬ್ದಗಳನ್ನು 11 ವರ್ಷಗಳಿಂದ ಸಂಗ್ರಹಿಸುತ್ತಿದ್ದಾರೆ. ಗೊರಬು, ದರಗು, ಹಕ್ಕಲು, ಕೊನೆಗಾರ ಎಂದು ಮೊದಲ್ಗೊಂಡು ಒಂದೊಂದು ಶಬ್ದಕ್ಕೂ ಅರ್ಥ, ಪ್ರಯೋಗ, ಹೇಳಿದವರ ಹೆಸರು, ಊರು, ಎಲ್ಲವೂ ಅದರಲ್ಲಿದೆ. ಹೇಳಿದವರಲ್ಲಿ ಹಲವರು ಈಗ ಇಲ್ಲ. ಮತ್ತೊಮ್ಮೆ ಕೇಳಿ ಬರೆದುಕೊಳ್ಳೋಣವೆಂದರೆ ಕೇಳುವುದು ಯಾರನ್ನು?

ಆ ರಾತ್ರಿ ಅಪ್‌ಗ್ರೇಡ್ ನಡೆಯುತ್ತಿದ್ದಾಗಲೇ ಗಾಳಿಗೆ ಮತ್ತಿಯ ಮರವೊಂದು ತಂತಿಯ ಮೇಲೆ ಬಿದ್ದು ವಿದ್ಯುತ್ತು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೀಚಲು ದನಿಯಲ್ಲಿ ಅತ್ತು ಸುಮ್ಮನಾಯಿತು. ಮರುದಿನ ಯಂತ್ರವನ್ನು ತೆರೆದರೆ ಕಪ್ಪು ಪರದೆ.

“ಆ ಡಬ್ಬದೊಳಗೆ ನಿಮ್ಮ ಭಾವನ ಜೀವವಿದೆ, ಒಮ್ಮೆ ಬಂದು ಹೋಗು” ಎಂದು ಅಕ್ಕ ಫೋನು ಮಾಡಿದಳು. ಭಾವನವರು ಮಾತ್ರ ಫೋನಿಗೆ ಬರಲಿಲ್ಲ.

ನಾನು ಹೋದಾಗ ಅವರು ಜಗುಲಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದರು. “ಹೋಗಲಿ ಬಿಡು ಮಾರಾಯ, ಕಾಗದದ ಮೇಲೆ ಬರೆದದ್ದನ್ನು ಗೆದ್ದಲು ತಿನ್ನುವುದಿಲ್ಲವೆ?” ಎಂದರು. ಹಾಗೆಂದವರ ಕೈಯ ಅಡಕತ್ತರಿ ಮಾತ್ರ ನಿಂತೇ ಇತ್ತು.

ಆ ಯಂತ್ರದಲ್ಲಿದ್ದುದು ಡೆಬಿಯನ್ ವಂಶದ ಲಿನಕ್ಸ್. ಇಯಾನ್ ಮರ್ಡಾಕ್ ಎಂಬ ತರುಣ 1993ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಹೆಸರು, ಆತನ ಪ್ರೇಯಸಿ ಡೆಬ್ರಾಳ ಹೆಸರಿನ ಆದಿಯೂ ಆತನ ಹೆಸರೂ ಕೂಡಿ ಆದದ್ದು. ಇಂಥ ಶುಷ್ಕ ಶಾಸ್ತ್ರಕ್ಕೆ ಎಂಥ ಸರಸವಾದ ನಾಮಕರಣ! ಅದಿರಲಿ. ಈ ವಂಶದಲ್ಲಿ ಪ್ರತಿಯೊಂದು ತಂತ್ರಾಂಶವೂ ಎರಡು ಹೆಜ್ಜೆಗಳಲ್ಲಿ ಮನೆಯೊಳಗೆ ಬರುತ್ತದೆ. ಮೊದಲು ಗಂಟು ಬಿಚ್ಚುವುದು, ಆಮೇಲೆ ಅಣಿಗೊಳಿಸುವುದು. ಯಾವ ಗಂಟು ಯಾವ ಹೆಜ್ಜೆಯಲ್ಲಿದೆ ಎಂಬುದನ್ನು ‘ಡಿಪಿಕೆಜಿ’ ಎಂಬ ಕಾರಕೂನ ತನ್ನ ದಫ್ತರದಲ್ಲಿ ಬರೆದಿಡುತ್ತಾನೆ. ದೀಪ ಹೋದರೂ ದಫ್ತರ ಉಳಿದಿರುತ್ತದೆ. ದುರಸ್ತಿಯ ಆಸೆಯೆಲ್ಲ ಅದರ ಮೇಲೆಯೇ.

ಯಂತ್ರ ಏಳುವಾಗ ತೋರುವ ಪಟ್ಟಿಯಲ್ಲಿ ಹಳೆಯ ಕರ್ನಲ್ ಇನ್ನೂ ಇತ್ತು. ಅದನ್ನು ಆರಿಸಿದೆ. ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಪರದೆ ಬಂತು. ಮೊದಲು ಮಾಡಿದ ಕೆಲಸ, ಭಾವನವರ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಇಳಿಸಿಕೊಂಡದ್ದು. ರೋಗಿಯ ಮೇಲೆ ಕತ್ತಿಯಾಡಿಸುವ ಮುನ್ನ ಇದು ಆಗಲೇಬೇಕು. ಆಮೇಲೆ ಕಾರಕೂನನಿಗೆ ಅಪ್ಪಣೆ: ‘ಡಿಪಿಕೆಜಿ, ಕಾನ್ಫಿಗರ್, ಎ.’ ಅರ್ಧಕ್ಕೆ ನಿಂತದ್ದನ್ನೆಲ್ಲ ಮುಗಿಸು ಎಂದು ಇದರ ಅರ್ಥ. ಇಂಥ ಸಂದರ್ಭದಲ್ಲಿ ‘ಲಾಕ್’ ಎಂಬ ಕಡತವನ್ನು ಅಳಿಸಿಬಿಡಿ ಎಂದು ಉಪದೇಶಿಸುವ ಮಿತ್ರರು ಬಹಳ. ಬೀಗ ಹಾಕಿದ ಕಾರ್ಯಕ್ರಮ ಸತ್ತೊಡನೆ ಬೀಗ ತಾನಾಗಿ ಬಿಡುತ್ತದೆ. ಉಳಿಯುವುದು ಖಾಲಿ ಕಡತವಷ್ಟೆ. ಅದನ್ನು ಅಳಿಸುವುದರಿಂದ ಬರುವ ಪುಣ್ಯವೇನೂ ಇಲ್ಲ.

ನೂರಾರು ಗಂಟುಗಳು ಸರಸರನೆ ಸಿದ್ಧವಾದವು. ಒಂದು ಮಾತ್ರ ಹಟ ಹಿಡಿಯಿತು. ಅದಕ್ಕೆ ಬೇಕಾದ ಇನ್ನೊಂದು ಗಂಟು ಮುರುಕಾಗಿ ಬಂದಿತ್ತು. ಮುರುಕನ್ನು ತೆಗೆದುಹಾಕಿ ಹೊಸದನ್ನು ತರಿಸಬೇಕು. ಆ ಮನೆಯಲ್ಲೋ ಇಂಟರ್‌ನೆಟ್ಟು ಅಟ್ಟದ ಕಿಟಕಿಯ ಬಳಿ ಮಾತ್ರ ದರ್ಶನ ಕೊಡುತ್ತದೆ. ಯಂತ್ರವನ್ನು ಹೊತ್ತು ಅಟ್ಟ ಹತ್ತಿದೆವು. ಹಳೆಯ ಗೋಣಿಚೀಲಗಳ ನಡುವೆ, ಹಂಚಿನ ಮೇಲೆ ಮಳೆಯ ಸದ್ದಿನಲ್ಲಿ, ಫೋನನ್ನು ತಂತಿಯಿಂದ ಜೋಡಿಸಿ ಎರಡು ಗಂಟೆ ಕಾದೆವು. ಭಾವನವರು ಲಾಟೀನು ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದರು.

ಕಡೆಗೆ ಚಿತ್ರಗಳ ಪರದೆ ಬಂತು. ನಿಘಂಟಿನ ಪಟ್ಟಿಯಿದ್ದ ಕಡತವನ್ನು ತೆರೆದರೆ, ಅಯ್ಯೋ, ಪುಟದ ತುಂಬ ಪುಟ್ಟ ಪುಟ್ಟ ಚೌಕಗಳು! ಭಾವನವರು ಮುಖ ತಿರುಗಿಸಿಕೊಂಡರು.

ನನಗಾದರೋ ಆ ಚೌಕಗಳನ್ನು ಕಂಡು ಜೀವ ಬಂತು. ಪ್ರತಿ ಚೌಕದೊಳಗೂ ಸೂಕ್ಷ್ಮವಾಗಿ ನಾಲ್ಕು ಗುರುತುಗಳಿದ್ದವು. ಒಂದರಲ್ಲಿ ಸೊನ್ನೆ, ಸಿ, ಒಂಬತ್ತು, ಐದು. ಯೂನಿಕೋಡಿನ ಲೆಕ್ಕದಲ್ಲಿ ಅದು ನಮ್ಮ ‘ಕ’. “ಭಾವ, ಅಕ್ಷರ ಎಲ್ಲಿಯೂ ಹೋಗಿಲ್ಲ. ಅವಕ್ಕೆ ತೊಡಲು ಬಟ್ಟೆಯಿಲ್ಲ, ಅಷ್ಟೆ” ಎಂದೆ. ಕನ್ನಡದ ಫಾಂಟುಗಳು ಬಿದ್ದುಹೋಗಿದ್ದವು. ನವಿಲು, ಗುಬ್ಬಿ ಎಂಬ ಎರಡು ಫಾಂಟುಗಳನ್ನು ತರಿಸಿದೆ. ಕಡತವನ್ನು ಮುಚ್ಚಿ ತೆರೆದಾಗ ಚೌಕಗಳೆಲ್ಲ ಅಕ್ಷರಗಳಾಗಿದ್ದವು. ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕವನ್ನೇ ಒರೆಸಿದರೆಂದು ನಾನು ಹೇಳಲಾರೆ. ಕೀಲಿಮಣೆಗೆ ಕನ್ನಡ ಬರುವಂತೆ ಮಾಡಲು ಇನ್ನರ್ಧ ಗಂಟೆ ಹಿಡಿಯಿತು.

ದೀಪ ಹೋದ ರಾತ್ರಿ ಅವರು ಬರೆಯುತ್ತಿದ್ದುದು ‘ದಣಪೆ’ ಎಂಬ ಶಬ್ದ. ಬೇಲಿಯ ಬಾಯಿಗೆ ಅಡ್ಡಲಾಗಿ ಸರಿಸುವ ಗಳಗಳಿಗೆ ಆ ಹೆಸರು. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಉಳಿಸಿಕೊಳ್ಳುವ ಪ್ರತಿಯಲ್ಲಿ ಆ ಟಿಪ್ಪಣಿ ‘ದಣಪೆಗೂ ಉಣಗೋಲಿಗೂ ಇರುವ ವ್ಯತ್ಯಾಸವೇನೆಂದರೆ’ ಎಂಬಲ್ಲಿಗೆ ತುಂಡಾಗಿತ್ತು. ಹೇಳಿದ್ದ ಮುದುಕಿ ಚೈತ್ರದಲ್ಲಿ ತೀರಿಕೊಂಡಿದ್ದಳು. ಭಾವನವರು ಹಣೆ ಉಜ್ಜಿಕೊಂಡರು, ನೆನಪಾಗಲಿಲ್ಲ.

“ಅವತ್ತು ನಾನೂ ಅಲ್ಲೇ ಕೂತಿದ್ದೆನಲ್ಲ, ಬರೆದುಕೊಳ್ಳಿ” ಎಂದಳು ಅಕ್ಕ, ಕಾಫಿಯ ಲೋಟಗಳನ್ನು ಗೋಣಿಚೀಲದ ಮೇಲಿಟ್ಟು. ಅವಳು ಹೇಳುತ್ತ ಹೋದಳು. ಅವರು ಒಂದೇ ಬೆರಳಿನಿಂದ ಕುಟ್ಟುತ್ತ ಹೋದರು.